ಸತ್ತವರ ಸೀಸೆ

ಸತ್ತವರು ಊಟ ಮಾಡಿದ್ದರು.

ಅದೂ ಅಷ್ಟಿಷ್ಟಲ್ಲ. ಬದುಕಿದ್ದವರು ಎಷ್ಟು ತಿಂದಿದ್ದರೋ ಸರಿಯಾಗಿ ಅಷ್ಟನ್ನೇ ತಿಂದಿದ್ದರು. ಒಂದು ತುತ್ತು ಹೆಚ್ಚಿಲ್ಲ, ಒಂದು ತುತ್ತು ಕಡಿಮೆಯಿಲ್ಲ.

ಕಡಲ ಸಂಶೋಧನಾಲಯದ ಶೀತಲ ಕೋಣೆಯಲ್ಲಿ ಕಂಬಳಿ ಹೊದ್ದು ನಿಂತಿದ್ದ ಪತ್ತೇದಾರರು ಎರಡು ಸೀಸೆಗಳನ್ನು ದೀಪದ ಎದುರಿಗೆ ಹಿಡಿದರು. ಎಡಗೈಯಲ್ಲಿದ್ದುದು ಬದುಕಿದ್ದವರ ಸೀಸೆ: ಕಡಲ ನೀರು, ಅದರಲ್ಲಿ ಕರಗಿಸಿದ ಮಸಿ, ಆ ಮಸಿಯನ್ನು ತಿನ್ನಬಲ್ಲವೆಂದು ಹೇಳಲಾದ ಕಣ್ಣಿಗೆ ಕಾಣದ ಜೀವಿಗಳು. ಬಲಗೈಯಲ್ಲಿದ್ದುದು ಸತ್ತವರ ಸೀಸೆ: ಅದೇ ನೀರು, ಅದೇ ಮಸಿ, ಅವೇ ಜೀವಿಗಳು, ಮೇಲೆ ಕೆಲವು ಹನಿ ಪಾದರಸದ ವಿಷ.

ಬದುಕಿದ್ದವರ ಸೀಸೆಯಲ್ಲಿ ಮಾತ್ರ ಮಸಿಯ ಪ್ರಮಾಣ ಇಳಿದಿದ್ದರೆ, ತಿಂದವರು ಆ ಜೀವಿಗಳೇ ಎಂದು ಸಾಬೀತಾಗುತ್ತಿತ್ತು. ಎರಡರಲ್ಲೂ ಒಂದೇ ಸಮ ಇಳಿದಿದ್ದರೆ, ತಿಂದವರು ಯಾರೂ ಇಲ್ಲ, ಮಸಿ ಸುಮ್ಮನೆ ಸೀಸೆಯ ಗಾಜಿಗೆ ಅಂಟಿಕೊಂಡಿದೆ ಎಂದಾಗುತ್ತಿತ್ತು.

ಎರಡರಲ್ಲೂ ಒಂದೇ ಸಮ ಇಳಿದಿತ್ತು.

"ಸೀಸೆ ಕೆಳಗಿಡಿ ಸರ್," ಎಂದಳು ಸಂಶೋಧಕಿ. "ನೀವು ನಡುಗ್ತಿದ್ದೀರಿ."

"ಚಳಿಗಲ್ಲಮ್ಮ. ಯೋಚನೆಗೆ."

"ಯೋಚನೆಗೆ ಮೂಗು ಸೋರುತ್ತಾ ಅಳಿಯಂದಿರಿಗೆ?" ಎಂಬ ದನಿ ಬಾಗಿಲಾಚೆಯಿಂದ ಬಂತು. ಬೆಚ್ಚಗಿನ ಮೊಗಸಾಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದವರು ಪತ್ತೇದಾರರ ಅತ್ತೆ. ಗಣಿತದ ನಿವೃತ್ತ ಉಪಾಧ್ಯಾಯಿನಿ. ಅಳಿಯನನ್ನು ಅವರು ಎಂದೂ ಏಕವಚನದಲ್ಲಿ ಕರೆದವರಲ್ಲ. ಬಹುವಚನದೊಳಗೆ ಎಷ್ಟು ಬೈಗುಳ ಹಿಡಿಸಬಹುದೆಂಬುದನ್ನು ಮಗಳ ಮದುವೆಯ ದಿನದಿಂದ ಅವರು ಸಾವಧಾನವಾಗಿ ತೋರಿಸಿಕೊಡುತ್ತ ಬಂದಿದ್ದರು.

ಪತ್ತೇದಾರರು ಮೂಗೊರೆಸಿಕೊಂಡರು. ವಿಮಾ ಕಂಪನಿಯ ಪರಿಶೀಲಕರಾಗಿ ಅವರು ಆಯುಷ್ಯದ ಬಹುಭಾಗವನ್ನು ಸುಟ್ಟ ಗೋದಾಮುಗಳ ಬೂದಿಯಲ್ಲೂ ಕಳೆದುಹೋದ ಸೈಕಲ್ಲುಗಳ ಸುಳ್ಳುಗಳಲ್ಲೂ ಸವೆಸಿದ್ದರು. ನಿವೃತ್ತರಾದ ಮೇಲೆ ಮನೆಯ ಮುಂದೆ ಪತ್ತೇದಾರನೆಂಬ ಫಲಕ ತೂಗಿಹಾಕಿದ್ದು ಒಂದೇ ಆಸೆಯಿಂದ: ಸಾಯುವುದರೊಳಗೆ ಒಂದು ಕೊಲೆಯನ್ನು ಭೇದಿಸಬೇಕು. ಬಂದದ್ದು ಈ ಸಂಶೋಧಕಿಯ ಕೇಸು. ಅನುಮಾನವಿತ್ತು, ವಿಷವಿತ್ತು, ಬೀಗ ಹಾಕಿದ ಕೋಣೆಯಿತ್ತು. ಹೆಣವೊಂದೇ ಇರಲಿಲ್ಲ.

"ಒಂದು ಹೆಣವಾದ್ರೂ ಇಲ್ದಿರೋ ಕೇಸಿಗೆ ಅಳಿಯಂದಿರು ನ್ಯುಮೋನಿಯಾ ತರಿಸ್ಕೊಳ್ಳೋದು ನನಗೇನೋ ಸರಿ ಕಾಣಲ್ಲ," ಎಂದರು ಅತ್ತೆ. "ಆಮೇಲೆ ನನ್ನ ಮಗಳು ನನ್ನನ್ನ ಕೇಳ್ತಾಳೆ."

ಸಂಶೋಧಕಿ ನಗಲಿಲ್ಲ. ಅವಳಿಗೆ ನಗುವ ದಿನ ಅದಾಗಿರಲಿಲ್ಲ. ಕಳೆದ ವಾರ ನಿರ್ದೇಶಕರು ಅವಳ ಮೇಲೆ ಮೋಸದ ಆರೋಪ ಹೊರಿಸಿದ್ದರು. ಇಂದು ಮಧ್ಯಾಹ್ನದ ಕಾಫಿ ಮುಗಿದೊಡನೆ ಸಮಿತಿ ಕೂಡಲಿತ್ತು. ಆರೋಪ ಸಾಬೀತಾದರೆ ಅವಳ ಕೋಣೆಯ ಕೀಲಿ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ತಾಯಿ ಜಾಡಿ ಹೋಗುತ್ತದೆ. ಸಮಿತಿ ತಿರಸ್ಕರಿಸಿದ ಜೀವಿಗಳನ್ನು ವಿಷ ಹಾಕಿ ಮುಗಿಸಿ ಚೆಲ್ಲಬೇಕೆಂಬುದು ಸಂಸ್ಥೆಯ ನಿಯಮ.

ತಾಯಿ ಜಾಡಿ ಅವಳ ಮೇಜಿನ ಮೇಲೆ, ತಗಡಿನ ಹಾಳೆಯ ಮುಸುಕು ಹೊದ್ದು, ಬಿಸಿಲು ತಾಗದ ಮೂಲೆಯಲ್ಲಿ ಕುಳಿತಿತ್ತು. ಬಿಸಿಲು ಬಿದ್ದರೆ ಅದೂ ತನ್ನ ಪಾಲಿನ ಮಸಿಯನ್ನು ಒಡೆದುಹಾಕುತ್ತದೆ. ಆಗ ಯಾರು ಎಷ್ಟು ತಿಂದರೆಂಬ ಲೆಕ್ಕ ಸಿಗುವುದಿಲ್ಲ. ಅದಕ್ಕಾಗಿ ಆ ಮುಸುಕು. ಒಳಗಿದ್ದುದು ಹಳೆಯ ಕಲ್ಲಿದ್ದಲು ಕಟ್ಟೆಯ ಬುಡದಿಂದ ಅವಳೇ ಇಳಿದು ತುಂಬಿಕೊಂಡು ಬಂದ ನೀರು.

"ಅಪ್ಪ ಅಲ್ಲಿ ಕಲ್ಲಿದ್ದಲು ಹೊರ್ತಿದ್ರು," ಎಂದು ಮೊದಲ ಭೇಟಿಯಲ್ಲಿ ಅವಳು ಹೇಳಿದ್ದಳು. "ಸಂಜೆ ಅಪ್ಪನ ಅಂಗಿ ತೊಳೆದ ನೀರು ಚರಂಡಿ ಹಿಡ್ಕೊಂಡು ಆ ಕಟ್ಟೆ ಹತ್ರಾನೇ ಕಡಲಿಗೆ ಬೀಳ್ತಿತ್ತು. ಇಡೀ ಓಣಿಯ ಅಂಗಿಗಳು ಸರ್, ದಿನಾ. ಹಡಗಿನ ಹೊಗೆ ಬೇರೆ. ಅಷ್ಟು ಮಸಿ ಬಿದ್ದ ನೀರು ಇಷ್ಟು ಹೊತ್ತಿಗೆ ಶಾಯಿ ಆಗ್ಬೇಕಿತ್ತು. ಆಗಿಲ್ಲ. ಯಾರೋ ತಿಂತಿದ್ದಾರೆ ಅಂತ ನನಗೆ ಚಿಕ್ಕಂದಿನಿಂದ ಅನುಮಾನ."

ಉರಿದದ್ದೆಲ್ಲ ಕೊನೆಗೊಮ್ಮೆ ಕಡಲಿಗೆ ಬರುತ್ತದೆ. ಒಲೆಯ ಹೊಗೆ, ಕಾಡಿನ ಬೆಂಕಿ, ಲಾರಿಗಳ ಉಸಿರು, ಯಾರೋ ಹರಿದು ಸುಟ್ಟ ಕಾಗದಗಳು. ಗಾಳಿಯಲ್ಲಿ ಅಲೆದು, ಮಳೆಯಲ್ಲಿ ಇಳಿದು, ಹೊಳೆಯಲ್ಲಿ ಹರಿದು ಬಂದು ಅದು ಉಪ್ಪು ನೀರಿನಲ್ಲಿ ಕರಗಿ ಕೂರುತ್ತದೆ. ಈ ಇಂಗಾಲದ ಕಣಗಳು ಬಳೆಗೆ ಬಳೆ ಬೆಸೆದ ಹಾಗೆ ಗಟ್ಟಿಯಾಗಿ ಹೆಣೆದುಕೊಂಡಿರುವುದರಿಂದ ಯಾವ ಜೀವಿಯ ಹಲ್ಲಿಗೂ ಸಿಗವು, ಬಿಸಿಲೊಂದೇ ಅವನ್ನು ಬಿಡಿಸಬಲ್ಲದು ಎಂದು ಬಲ್ಲವರು ಬಹುಕಾಲ ನಂಬಿದ್ದರು. ಬೆಳಕಿಲ್ಲದ ಆಳದಲ್ಲೂ ಅದು ನಿಧಾನವಾಗಿ ಕರಗಿಹೋಗುತ್ತಿದೆ ಎಂದವಳು ಈ ಹುಡುಗಿ. ಒಂದು ಜೀವಿ ಬಳೆಯನ್ನು ಒಡೆದುಕೊಡುತ್ತದೆ. ಇನ್ನೊಂದು ಚೂರುಗಳನ್ನು ತಿನ್ನುತ್ತದೆ. ಮೂರನೆಯದು ಅದರ ಎಂಜಲಿನ ಮೇಲೆ ಬದುಕುತ್ತದೆ. ಅವಳ ಮಾತಿನಲ್ಲಿ ಅದೊಂದು ಕೂಡು ಕುಟುಂಬ.

"ಅವರಲ್ಲೂ ಸೊಸೆಯೇ ಒಡೆಯೋದು, ಉಳಿದೋರು ತಿನ್ನೋದು ಅನ್ನು," ಎಂದು ಅತ್ತೆ ಅಂದೇ ತೀರ್ಮಾನಿಸಿದ್ದರು.

ಆ ಕಟ್ಟೆ ಈಗಿಲ್ಲ. ಅದರ ಮೇಲೆ ಕಾಂಕ್ರೀಟು ಸುರಿದು ವಾಹನ ನಿಲ್ದಾಣ ಮಾಡಿದ್ದಾರೆ. ಆ ಕುಟುಂಬದವರು ಉಳಿದಿರುವುದು ಈ ಜಾಡಿಯಲ್ಲಿ ಮಾತ್ರ.

ಜಾಡಿಯ ವಿಷಯದಲ್ಲಿ ಪತ್ತೇದಾರರಿಂದ ಬೆಳಗ್ಗೆ ಒಂದು ಉಪಕಾರವೂ ಆಗಿತ್ತು. ಆವಿಯಾಗಿ ಜಾಡಿಯ ನೀರು ಕೆಂಪು ಗೆರೆಗಿಂತ ಕೆಳಗಿಳಿದಿತ್ತು. ಉಗ್ರಾಣದಿಂದ ಶುದ್ಧ ನೀರು ತರಬೇಕೆಂದು ಸಂಶೋಧಕಿ ಎದ್ದಾಗ, "ನಾನಿರೋವಾಗ ನಿಮಗ್ಯಾಕೆ ಶ್ರಮ" ಎಂದು ಇವರೇ ಹೋಗಿ ತಂದು, ಗೆರೆಯವರೆಗೆ ತುಂಬಿಸಿ, ಮುಸುಕು ಹೊದಿಸಿ ಬಂದಿದ್ದರು. ಈ ಕೇಸಿನಲ್ಲಿ ಅಳಿಯಂದಿರು ಮಾಡಿದ ಒಂದೇ ಪ್ರಯೋಜನದ ಕೆಲಸ ಅದು ಎಂಬುದು ಅತ್ತೆಯ ಅಭಿಪ್ರಾಯವಾಗಿತ್ತು.

"ಮೊದಲಿನ ಪ್ರಯೋಗದಲ್ಲಿ ಸತ್ತವರು ಏನೂ ತಿಂದಿರಲಿಲ್ಲ, ಅಲ್ವೇ?" ಎಂದು ಪತ್ತೇದಾರರು ಕೇಳಿದರು.

"ಒಂದು ಚೂರೂ ಇಲ್ಲ. ಆದ್ರೆ ಆಗ ವಿಷ ಹಾಕಿರಲಿಲ್ಲ ಸರ್, ಬೇಯಿಸಿ ಸಾಯಿಸಿದ್ದೆ. ಇಲ್ಲಿನ ಬೇಯಿಸೋ ಯಂತ್ರ ಕೆಟ್ಟಿತ್ತು ಅಂತ ಮನೆ ಕುಕ್ಕರ್‌ನಲ್ಲಿ."

"ಸೀಸೆಗಳ್ನ?"

"ಅಮ್ಮ ಒಂದು ವಾರ ಮಾತಾಡಲಿಲ್ಲ."

ಆ ಕುಕ್ಕರನ್ನು ನಿರ್ದೇಶಕರು ಸಮಿತಿಯ ಮುಂದೆ ಎತ್ತಿ ಆಡಿದ್ದರು. ಅಡುಗೆಮನೆಯ ವಿಜ್ಞಾನ, ಎಂದಿದ್ದರು. ಅವರ ಹೆಸರು ಕಡಲಾಚೆಗೂ ಹಬ್ಬಿದ್ದು ಗಾಜಿನ ಸಿದ್ಧಾಂತದಿಂದ: ಮಸಿಯನ್ನು ಯಾವ ಜೀವಿಯೂ ತಿನ್ನುವುದಿಲ್ಲ, ಕಡಿಮೆಯಾದಂತೆ ಕಂಡದ್ದು ಗಾಜಿಗೆ ಅಂಟಿದ್ದು. ಆ ಸಿದ್ಧಾಂತಕ್ಕೆ ಬಂದ ಪ್ರಶಸ್ತಿ, ಅದೂ ಗಾಜಿನದೇ, ಸಂಸ್ಥೆಯ ಹೆಬ್ಬಾಗಿಲಿನ ಕಪಾಟಿನಲ್ಲಿ ಮಿಂಚುತ್ತಿತ್ತು. ಅವಳ ಫಲಿತಾಂಶ ಕಟ್ಟುಕತೆ ಎಂದು ತೋರಿಸಲು ಅವರು ಪ್ರಯೋಗವನ್ನು ಎಲ್ಲರ ಎದುರಿಗೆ ಮತ್ತೆ ಮಾಡಿಸಿದರು. ಸಂಸ್ಥೆಯ ವಿಷ, ಅವರದೇ ಕೈ, ಮೇಲೆ ಅರಗಿನ ಮುದ್ರೆ. ಇಂದು ಮುದ್ರೆ ಒಡೆದು ಮಸಿ ಅಳೆಯುವ ಯಂತ್ರಕ್ಕೆ ಕೊಟ್ಟಾಗ ಯಂತ್ರ ಹೇಳಿದ್ದು ಅವರ ಪರವಾಗಿ.

"ಮುದ್ರೆ ನಾನೇ ನೋಡಿದೆ. ಹಾಗೇ ಇತ್ತು," ಎಂದರು ಪತ್ತೇದಾರರು. "ಸೀಸೆ ಬದಲಾಗಿಲ್ಲ. ಒಳಗೆ ಯಾರೂ ಬಂದಿಲ್ಲ."

"ಹಾಗಾದ್ರೆ ಮುಗೀತು. ನನ್ನ ಮುಖಕ್ಕೆ ಮಸಿ ಬಳಿಯೋದೊಂದು ಬಾಕಿ."

ಅವಳು ಮುಖ ತಿರುಗಿಸಿಕೊಂಡಳು. ಅವಳ ಕಿವಿಯ ಹಿಂದೆ, ಉಗುರಿನ ಸಂದಿನಲ್ಲಿ, ಪ್ರಯೋಗದ ಮಸಿ ಆಗಲೇ ಸಾಕಷ್ಟಿತ್ತು.

ಪತ್ತೇದಾರರು ಕಂಬಳಿ ಎಳೆದುಕೊಂಡು ಬಲಗೈಯ ಸೀಸೆಯನ್ನು ಮತ್ತೊಮ್ಮೆ ನೋಡಿದರು. ಹಳೆಯ ವೃತ್ತಿ ಹಳೆಯ ಕೀಲುನೋವಿನ ಹಾಗೆ. ತೇವದ ಕೋಣೆಯಲ್ಲಿ ಎಚ್ಚರಗೊಳ್ಳುತ್ತದೆ.

"ನಮ್ಮ ವಿಮಾ ಆಫೀಸಲ್ಲಿ ಹೊಸದಾಗಿ ಸೇರಿದೋರಿಗೆ ಮೊದಲ ದಿನ ಒಂದೇ ಮಾತು ಹೇಳಿಕೊಡ್ತಿದ್ರು," ಎಂದರು. "ಯಾರು ಕೊಂದ್ರು, ಯಾಕೆ ಕೊಂದ್ರು, ಅದೆಲ್ಲ ಆಮೇಲೆ. ಮೊದಲು ಸತ್ತೋನು ಸತ್ತಿದ್ದಾನಾ ನೋಡು."

ಸಂಶೋಧಕಿ ಅವರನ್ನೇ ದಿಟ್ಟಿಸಿದಳು. ಸತ್ತವರ ಸೀಸೆಯೊಳಗೆ ಇಣುಕಿ ನೋಡುವ ಯೋಚನೆ ಯಾರಿಗೂ ಬಂದಿರಲಿಲ್ಲ. ನಿರ್ದೇಶಕರು ಸ್ವಹಸ್ತದಿಂದ ವಿಷ ಹಾಕಿದ ಮೇಲೆ ಜೀವಿಗಳು ಸಾಯದೆ ಉಳಿಯುವುದು ಅವಿಧೇಯತೆಯಾಗುತ್ತಿತ್ತು.

ಅವಳು ಒಂದು ಹನಿ ತೆಗೆದು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದ ಕೆಳಗೆ ತಳ್ಳಿದಳು. ತಿರುಪು ತಿರುಗಿಸಿದಳು.

"ಸರ್, ಈಜ್ತಿದ್ದಾರೆ."

"ನೀರಿನ ಅಲುಗಾಟ ಇರ್ಬಹುದಲ್ಲ?"

"ಸುಮ್ನೆ ನಡುಗೋದು ಬೇರೆ. ಇವರು ದಿಕ್ಕು ಹಿಡಿದು ಹೋಗ್ತಿದ್ದಾರೆ. ನೋಡಿ, ಒಬ್ಬ ಹೋಗಿ ಯೂ ಟರ್ನ್ ತಗೊಂಡ."

ಪತ್ತೇದಾರರು ಕಣ್ಣಿಟ್ಟರು. ಮಸುಕು ಬೆಳಕಿನ ವೃತ್ತದಲ್ಲಿ, ಮುಂಜಾನೆಯ ಪೇಟೆಬೀದಿಯ ಹಾಗೆ, ಸತ್ತವರೆಲ್ಲ ತಮ್ಮ ತಮ್ಮ ಕೆಲಸದ ಮೇಲೆ ಓಡಾಡುತ್ತಿದ್ದರು. ಅವರು ಮತ್ತೆ ಮೂಗೊರೆಸಿಕೊಂಡರು. ಅದು ನೆಗಡಿಯೂ ಇರಬಹುದು.

"ಎರಡೂ ಬದುಕಿದ್ದೋರ ಸೀಸೆ," ಎಂದರು ಬಾಗಿಲಿಗೆ ಬಂದು ನಿಂತ ಅತ್ತೆ. "ಇದರಿಂದ ಅದನ್ನ ಕಳೆದ್ರೆ ಸೊನ್ನೆ ಬರ್ದೆ ಇನ್ನೇನು ಬರುತ್ತೆ?"

"ಆದ್ರೆ ವಿಷ ಹಾಕಿದ್ದು ನಾವೆಲ್ಲ ನೋಡಿದೀವಿ ಅಮ್ಮ. ನಿರ್ದೇಶಕರು ಬರಿಗೈಯಲ್ಲೇ ಹಾಕಿದ್ರು. ಹನಿ ಬೆರಳ ಮೇಲೂ ಬಿತ್ತು. ನಾವೆಲ್ಲ ಗೋಡೆಗಂಟಿ ನಿಂತಿದ್ವಿ. ಗ್ಲೌಸ್ ಹಾಕ್ಕೊಳ್ಳಿ ಸರ್ ಅಂದೆ. ಕೈ ಪಳಗಿದೋರಿಗೆ ಅದೆಲ್ಲ ಯಾಕೆ ಅಂದ್ರು."

"ಧೈರ್ಯಸ್ಥ," ಎಂದರು ಅತ್ತೆ.

"ವಿಷ ಹಳಸಿರಬಹುದೇ?" ಎಂದು ಪತ್ತೇದಾರರು ಕೇಳಿದರು.

"ಪಾದರಸ ಹಳಸಲ್ಲ ಸರ್. ನಾವು ಹಳಸ್ತೀವಿ."

ಉಳಿದದ್ದು ಒಂದೇ ದಾರಿ. ಜಾಡಿಯನ್ನು ಸಮಿತಿಗೆ ಅಣಿಮಾಡಲು ಅವಳನ್ನು ಅಲ್ಲೇ ಬಿಟ್ಟು, ಅತ್ತೆ ಅಳಿಯ ಇಬ್ಬರೂ ಉಗ್ರಾಣದ ಕಡೆ ನಡೆದರು.

ಉಗ್ರಾಣ ಕಟ್ಟಡದ ಹಿಂಬದಿಯಲ್ಲಿತ್ತು. ಉಪ್ಪುಗಾಳಿಗೆ ಸೊಟ್ಟಗಾದ ಕಿಟಕಿ. ಅಟ್ಟದವರೆಗೆ ಜೋಡಿಸಿದ ಸೀಸೆ, ಕೊಳವೆ, ಹಗ್ಗ, ಹರಿದ ಬಲೆ. ಮೂಲೆಯಲ್ಲಿ ಹಳದಿ ಬಣ್ಣದ ವಿಷದ ಬೀರು, ಅದರ ಪಕ್ಕದಲ್ಲಿ ವಿಷ ತೊಳೆದ ನೀರು ತುಂಬುವ ನೀಲಿ ಡ್ರಮ್ಮು. ಡ್ರಮ್ಮಿನ ಮುಚ್ಚಳ ಅರ್ಧ ಸೀಳಿತ್ತು. ಉಗ್ರಾಣದವರು ಮೇಜಿನ ಮೇಲೆ ಪತ್ರಿಕೆ ಹರಡಿಕೊಂಡು ಕುಳಿತಿದ್ದವರು ಅತ್ತೆಯನ್ನು ಕಂಡದ್ದೇ ಬೆಂಚು ಸರಿಸಿ ಎದ್ದು ನಿಂತರು. ಅವರ ತಲೆ ಪೂರ್ತಿ ನರೆತಿತ್ತು. ನಿಂತ ಭಂಗಿ ಮಾತ್ರ ಏಳನೆಯ ತರಗತಿಯದು.

"ನಮಸ್ತೆ ಮಿಸ್."

"ಕೂತ್ಕೊಳ್ಳಪ್ಪ. ಈಗ್ಲೂ ಕೊನೇ ಬೆಂಚೇನಾ ನಿಂದು?"

"ಇಲ್ಲಿರೋದು ಒಂದೇ ಬೆಂಚು ಮಿಸ್."

ಅವರು ಕೂರಲಿಲ್ಲ. ಅತ್ತೆ ಕೂತರು, ಕೂತೊಡನೆ ಮೊಣಕೈ ಮೇಲೆ ಪಟ್ಟೆಂದು ಹೊಡೆದುಕೊಂಡರು.

"ಸೊಳ್ಳೆ," ಎಂದರು.

ಪತ್ತೇದಾರರು ಬೀರುವಿನ ಬೀಗ ಪರೀಕ್ಷಿಸಿದರು. ಭದ್ರವಾಗಿತ್ತು. ಕೀಲಿ ಯಾರ ಬಳಿಯಿರುತ್ತದೆಂದು ಕೇಳಿದರು. ತಮ್ಮ ಸೊಂಟದಲ್ಲೇ ಎಂದರು ಉಗ್ರಾಣದವರು. ವಿಷ ಯಾರು ತರಿಸುತ್ತಾರೆಂದು ಕೇಳಿದರು. ಬಹುಕಾಲದಿಂದ ತರಿಸುವ ಅಗತ್ಯವೇ ಬಿದ್ದಿಲ್ಲ ಎಂದರು. ಪ್ರತಿಯೊಂದಕ್ಕೂ ಉತ್ತರ ಬಂತು, ಪ್ರತಿಯೊಂದೂ ನೇರವಾಗಿತ್ತು, ಪತ್ತೇದಾರರ ಪ್ರಶ್ನೆಗಳು ಮುಗಿದವು.

ಪಟ್. ಅತ್ತೆ ಕತ್ತಿನ ಮೇಲೊಂದು ಹೊಡೆದುಕೊಂಡರು.

"ಏನಪ್ಪ, ಕಡಲ ದಂಡೆ, ಇಷ್ಟು ಗಾಳಿ. ಬೇರೆ ಯಾವ ಕೋಣೇಲೂ ಒಂದು ಸೊಳ್ಳೆ ಕಾಣ್ಲಿಲ್ಲ. ನಿನ್ನ ಹತ್ರಾನೇ ಯಾಕೆ ಸಂಸಾರ ಹೂಡಿವೆ?"

"ಅದೇ ಗೊತ್ತಾಗ್ತಿಲ್ಲ ಮಿಸ್. ಚರಂಡಿ ಇಲ್ಲ. ಹೂಕುಂಡ ಇಲ್ಲ."

ಪತ್ತೇದಾರರು ನಿಧಾನವಾಗಿ ನೀಲಿ ಡ್ರಮ್ಮಿನ ಬಳಿಗೆ ಹೋದರು. ಕಿಸೆಯಿಂದ ಬ್ಯಾಟರಿ ತೆಗೆದು ಮುಚ್ಚಳದ ಸೀಳಿನೊಳಗೆ ಬೆಳಕು ಬಿಟ್ಟರು. ಬಗ್ಗಿದವರು ಬಹಳ ಹೊತ್ತು ಬಗ್ಗಿಯೇ ಇದ್ದರು.

"ಇದರಲ್ಲಿರೋದು ಏನು?"

"ವಿಷ ತೊಳೆದ ನೀರು ಸರ್. ಕೈ ಹಾಕ್ಬೇಡಿ. ಒಂದು ಹಸು ಸಾಯುತ್ತೆ."

"ಹಸು ವಿಷಯ ನನಗೆ ಗೊತ್ತಿಲ್ಲ. ಸೊಳ್ಳೆಮರಿಗಳು ಮಾತ್ರ ಬಹಳ ಆರೋಗ್ಯವಾಗಿವೆ. ನೀವೂ ಒಂದ್ಸಲ ನೋಡಿ. ಕೊಕ್ಕೆ ಕೊಕ್ಕೆಯಾಗಿ ಕುಣೀತಿವೆ."

ಉಗ್ರಾಣದವರು ನೋಡಲು ಬರಲಿಲ್ಲ. ಅವರ ಕಣ್ಣು ಡ್ರಮ್ಮಿನಿಂದ ಬೀರುವಿಗೆ, ಬೀರುವಿನಿಂದ ನೆಲಕ್ಕೆ ಇಳಿಯಿತು.

"ಬೀರು ತೆಗಿ," ಎಂದರು ಅತ್ತೆ. ದನಿ ಏರಿರಲಿಲ್ಲ. ಕಾಪಿ ಹೊಡೆದ ಹುಡುಗನಿಗೆ ಚೀಟಿ ಕೊಡು ಎನ್ನುವಾಗ ಅವರ ದನಿ ಹಾಗೆಯೇ ಇಳಿಯುತ್ತಿತ್ತೆಂದು ಊರಿನ ಅರ್ಧ ಗಂಡಸರು ಹೇಳಬಲ್ಲರು.

ಬೀರು ತೆರೆಯಿತು. ಮೇಲಿನ ಹಂತದಲ್ಲಿ ತಲೆಬುರುಡೆಯ ಚಿತ್ರ ಹಚ್ಚಿದ ದೊಡ್ಡ ಸೀಸೆ. ಕೆಳಗಿನ ಹಂತದಲ್ಲಿ ಹೂವಿನ ಚಿತ್ರದ ಊಟದ ಡಬ್ಬಿ, ಒಂದು ಚಮಚ, ಮಡಿಸಿಟ್ಟ ಕರವಸ್ತ್ರ.

"ವಿಷದ ಬೀರುನಲ್ಲಿ ಊಟ," ಎಂದರು ಅತ್ತೆ.

"ಇಲಿ ಕಾಟ ಮಿಸ್. ಇಲಿಗಿಂತ ಹೆಚ್ಚಾಗಿ ಮೇಲಿನ ಮಹಡಿಯೋರ ಕಾಟ. ಡಬ್ಬಿ ಎಲ್ಲಿಟ್ರೂ ಮಧ್ಯಾಹ್ನದೊಳಗೆ ಅರ್ಧ ಖಾಲಿ. ಬೀಗ ಇರೋ ಬೀರು ಅಂತ ಇರೋದು ಇದೊಂದೇ."

"ಅದಕ್ಕೆ?"

"ಒಂದಿನ ಮನೆಯವಳು ಬಂದು ನೋಡಿಬಿಟ್ಲು. ಬಸುರಿ ಬೇರೆ. ಒಂದೋ ಅದು ಆಚೆ ಹೋಗ್ಬೇಕು, ಇಲ್ಲ ನೀವು ಅಂದ್ಲು." ಅವರು ತಲೆಬುರುಡೆಯ ಸೀಸೆಯ ಕಡೆ ಕೈ ತೋರಿದರು. "ಸೀಸೆ ಆಚೆ ಇಡೋ ಹಾಗಿಲ್ಲ. ವಿಷದ ಸೀಸೆ ವಿಷದ ಬೀರುನಲ್ಲೇ ಇರ್ಬೇಕು ಅಂತ ನಿಯಮ. ತಪಾಸಣೆಯೋರು ಬಂದು ಸೀಸೆ ನೋಡ್ತಾರೆ. ಒಳಗೇನಿದೆ ಅಂತ ಕುಡಿದು ನೋಡ್ತಾರಾ ಮಿಸ್? ವಿಷ ಬೇರೆ ಸೀಸೆಗೆ ಬಗ್ಗಿಸಿಟ್ಟು, ಇದಕ್ಕೆ ನಲ್ಲಿ ನೀರು ಹಿಡಿದಿಟ್ಟೆ. ಎರಡು ದಿನದ ಮಟ್ಟಿಗೆ ಅಂತ. ಹೊಸ ಬೀರು ಕೇಳಿದ್ದೆ."

"ಹೊಸ ಬೀರು ಬಂತಾ?"

"ಇನ್ನೂ ಬರ್ಬೇಕು."

"ಯಾವಾಗಿನ ಮಾತು ಇದು?"

"ಮಗಳು ಹುಟ್ಟೋಕೆ ಮುಂಚೆ."

"ಮಗಳು ಈಗ ಏನ್ಮಾಡ್ತಿದ್ದಾಳೆ?"

ಉಗ್ರಾಣದವರ ಮುಖದಲ್ಲಿ, ಅಂಥ ಹೊತ್ತಿನಲ್ಲೂ, ಒಂದು ಬೆಳಕು ಸುಳಿದುಹೋಯಿತು. "ಮದುವೆ ಗೊತ್ತಾಗಿದೆ ಮಿಸ್. ನೀವು ಬರ್ಲೇಬೇಕು."

ಕೋಣೆಯಲ್ಲಿ ಸೊಳ್ಳೆಯ ಸಂಗೀತವೊಂದೇ ಕೇಳುತ್ತಿತ್ತು. ಒಂದು ಹೆಣ್ಣು ಮಗು ಹುಟ್ಟಿ, ಬೆಳೆದು, ಮದುವೆಗೆ ನಿಲ್ಲುವಷ್ಟು ಕಾಲ, ಈ ಸಂಸ್ಥೆಯಲ್ಲಿ ಬಲ್ಲವರು ಬದುಕಿದ್ದವರ ಸೀಸೆಯನ್ನು ಬದುಕಿದ್ದವರ ಸೀಸೆಯ ಜೊತೆ ಹೋಲಿಸಿ ನೋಡಿ, ವ್ಯತ್ಯಾಸವಿಲ್ಲವೆಂದು ಬರೆದಿದ್ದರು. ಆ ಇಲ್ಲದ ವ್ಯತ್ಯಾಸದ ಮೇಲೆ ಒಂದು ಸಿದ್ಧಾಂತ ಎದ್ದಿತ್ತು, ಅದರ ಮೇಲೆ ಒಂದು ಗಾಜಿನ ಪ್ರಶಸ್ತಿ ಕುಳಿತಿತ್ತು. ಕೆಳಗೆ, ಕತ್ತಲ ಸೀಸೆಗಳಲ್ಲಿ, ಯಾರ ಅಪ್ಪಣೆಗೂ ಕಾಯದೆ ಆ ಪುಟ್ಟ ಬಾಯಿಗಳು ತಮ್ಮ ಪಾಡಿಗೆ ಮಸಿ ತಿನ್ನುತ್ತಲೇ ಇದ್ದವು.

"ಒಬ್ಬರಿಗಾದ್ರೂ ಹೇಳ್ಬಾರದಿತ್ತೇನೋ?" ಎಂದರು ಅತ್ತೆ.

"ಕೇಳಿದ್ರೆ ಹೇಳ್ತಿದ್ದೆ ಮಿಸ್. ಯಾರೂ ಕೇಳ್ಲಿಲ್ಲ. ಪ್ರಯೋಗಗಳು ಚೆನ್ನಾಗೇ ಆಗ್ತಿದ್ವು. ಪ್ರಶಸ್ತಿ ಬಂತು. ಪ್ರಶಸ್ತಿ ಬಂದ ಮೇಲೆ ಹೇಗೆ ಹೇಳೋದು?"

ಪತ್ತೇದಾರರು ಬೆನ್ನು ನೆಟ್ಟಗೆ ಮಾಡಿದರು. ನೆಗಡಿ, ನಡುಕ ಎಲ್ಲ ಬಿಟ್ಟುಹೋಗಿತ್ತು. ಎಷ್ಟೋ ವರ್ಷ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದ ಗಳಿಗೆ ಇದು. ಸಮಿತಿಯೆದುರು ಈ ಮನುಷ್ಯ ಇಷ್ಟನ್ನೇ ಹೇಳಿದರೆ ಸಾಕು. ಹುಡುಗಿಯ ಕೀಲಿ ಉಳಿಯುತ್ತದೆ, ಜಾಡಿ ಉಳಿಯುತ್ತದೆ.

"ಕೊನೆಯ ಪ್ರಶ್ನೆ," ಎಂದರು, ಒಂದು ಕೈಯನ್ನು ಕೋಟಿನ ಕಿಸೆಗೆ ಇಳಿಬಿಟ್ಟು. "ನಿಜವಾದ ವಿಷ ಈಗ ಎಲ್ಲಿದೆ?"

"ಇಲ್ಲೇ ಸರ್. ಅಟ್ಟದ ಮೇಲೆ." ಉಗ್ರಾಣದವರು ಮೇಲೆ ಕೈ ತೋರಿದರು. "ಬಿಳಿ ಗಾಜಿನ ಸೀ..." ಕೈ ಅಲ್ಲೇ ನಿಂತಿತು. ಅಟ್ಟದ ಧೂಳಿನ ನಡುವೆ ಒಂದು ದುಂಡನೆಯ ಜಾಗ ಮಾತ್ರ ಚೊಕ್ಕಟವಾಗಿತ್ತು. "ನಿನ್ನೆ ಸಂಜೆ ಇತ್ತು ಸರ್."

"ಅದರ ಮೇಲೆ ಏನಂತ ಬರೆದಿತ್ತು?"

"ಏನೂ ಇಲ್ಲ. ವಿಷ ಅಂತ ಬರೆದದ್ದು ಬೀರುವಿನ ಆಚೆ ಇದ್ರೆ ನಿಯಮ ಮುರಿದ ಹಾಗಾಗುತ್ತೆ."

ಪತ್ತೇದಾರರ ಕೈ ಕಿಸೆಯಿಂದ ಹೊರಬಂತು.

ಬೆಳಗ್ಗೆ ಉಗ್ರಾಣದಲ್ಲಿ ಯಾರೂ ಇರಲಿಲ್ಲ. ಶುದ್ಧ ನೀರು ಎಲ್ಲಿದೆಯೆಂದು ಕೇಳುವವರಿಲ್ಲದೆ ಅವರು ಸುತ್ತ ನೋಡಿದ್ದರು. ಅಟ್ಟದ ಮೇಲೆ, ಎತ್ತರದ ಆಳಿಗೆ ಮಾತ್ರ ಎಟುಕುವ ಜಾಗದಲ್ಲಿ, ಹೆಸರಿಲ್ಲದ, ಕಲೆಯಿಲ್ಲದ, ತಿಳಿಯಾದ ನೀರಿನ ಬಿಳಿ ಸೀಸೆಯೊಂದು ಕೂತಿತ್ತು. ಇಷ್ಟು ತಿಳಿಯಾದ ನೀರು ಶುದ್ಧವಲ್ಲದೆ ಮತ್ತೇನಾಗಿರಲು ಸಾಧ್ಯವೆಂದು ಅವರು ತರ್ಕಿಸಿದ್ದರು.

"ಅಳಿಯಂದಿರ ತೋಳಿನ ಮೇಲೆ ಏನದು ಧೂಳು?" ಎಂದು ಅತ್ತೆ ಮೆಲ್ಲಗೆ ಕೇಳಿದರು.

ಅಳಿಯಂದಿರು ಓಡುತ್ತಿದ್ದರು.

ಕಂಬಳಿ ಮೊಗಸಾಲೆಯಲ್ಲಿ ಬಿತ್ತು. ಒಂದು ಚಪ್ಪಲಿ ಮೆಟ್ಟಿಲ ಮೇಲೆ ಉಳಿಯಿತು. ಬದುಕಿನುದ್ದಕ್ಕೂ ಒಂದು ಕೊಲೆಗಾಗಿ ಹಂಬಲಿಸಿದ್ದರು. ಈಗ ಲೆಕ್ಕವಿಲ್ಲದಷ್ಟು ಹೆಣಗಳು, ಕೊಂದವನ ಗುರುತಿಗೆ ಕನ್ನಡಿಯೊಂದು ಸಾಕು. ಒಂದು ಕೂಡು ಕುಟುಂಬ. ಅಪ್ಪನ ಅಂಗಿ ತೊಳೆದ ನೀರಿನಲ್ಲಿ ಹುಟ್ಟಿದವರು. ಬೇರೆಲ್ಲೂ ಉಳಿಯದವರು.

ಸಂಶೋಧಕಿ ಜಾಡಿಯ ಮುಸುಕಿನ ಮೇಲೆ ಹೊಸ ಪಟ್ಟಿ ಅಂಟಿಸುತ್ತಿದ್ದಳು. ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತ ಒಂಟಿ ಚಪ್ಪಲಿಯ ಪತ್ತೇದಾರರನ್ನು ಕಂಡು ಅವಳ ಮುಖ ಅರಳಿತು.

"ಸಿಕ್ತಾ ಸರ್?"

"ಸಿಕ್ತು. ನಿರ್ದೇಶಕರ ವಿಷ ಬರೀ ನಲ್ಲಿ ನೀರು. ನೀವು ಹೇಳಿದ್ದೆಲ್ಲ ನಿಜ." ಅವರು ಗೋಡೆ ಹಿಡಿದುಕೊಂಡರು. "ಆದ್ರೆ ಬೆಳಗ್ಗೆ ನಾನು ಜಾಡಿಗೆ ಹಾಕಿದ್ದು... ಅದು ನೀರಲ್ಲಮ್ಮ."

ಅವಳಿಗೆ ಅರ್ಥವಾಗಲು ಬೇರೆ ಮಾತು ಬೇಕಾಗಲಿಲ್ಲ. ಮುಖದ ಬಣ್ಣ ಇಳಿಯಿತು; ಮಸಿಯ ಗೀರುಗಳು ಇನ್ನಷ್ಟು ಕಪ್ಪಾಗಿ ಕಂಡವು. ಬೈಯಲಿಲ್ಲ. ಬೈದಿದ್ದರೆ ಅವರಿಗೆ ಹಿತವಾಗುತ್ತಿತ್ತು. ಮುಸುಕು ಸರಿಸಿ, ಹನಿ ತೆಗೆದು, ಗಾಜಿನ ಪಟ್ಟಿಯ ಮೇಲಿಟ್ಟು, ಕಣ್ಣು ಬಗ್ಗಿಸಿದಳು.

ಅತ್ತೆ ಆ ಹೊತ್ತಿಗೆ ಒಂದು ಕೈಯಲ್ಲಿ ಅಳಿಯನ ಚಪ್ಪಲಿ, ಇನ್ನೊಂದರಲ್ಲಿ ಉಗ್ರಾಣದವರ ತೋಳು ಹಿಡಿದುಕೊಂಡು ಬಂದು ನಿಂತರು. ಕಿಟಕಿಯಾಚೆ ಹಡಗೊಂದು ಹೊಗೆ ಬಿಡುತ್ತ ದಾಟಿಹೋಯಿತು.

"ಇದ್ದಾರೆ," ಎಂದಳು ಅವಳು.

"ಯಾರು?"

"ಎಲ್ಲಾರೂ. ಈಜ್ತಿದ್ದಾರೆ. ನಿಮ್ಮ ನೀರು ಕುಡಿದು ಇನ್ನೂ ಚುರುಕಾಗಿದ್ದಾರೆ ಸರ್." ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳುವಂತಿರಲಿಲ್ಲ. "ಅದು ವಿಷ ಅಲ್ಲ. ಬರೀ ನೀರು."

ಪತ್ತೇದಾರರು ಸಿಕ್ಕಿದ ಸ್ಟೂಲಿನ ಮೇಲೆ ಕುಸಿದರು. ಕೊಲೆಗಾರನಾಗಿ ಅವರು ಬದುಕಿದ್ದು ಒಂದು ಮೊಗಸಾಲೆಯ ಉದ್ದ ಮಾತ್ರ. ಅಷ್ಟಕ್ಕೇ ಸಾಕಾಗಿತ್ತು.

ಅತ್ತೆ ಮಾತ್ರ ನಗಲಿಲ್ಲ. ಚಪ್ಪಲಿಯನ್ನು ಅಳಿಯನ ಪಾದದ ಬಳಿ ಇಟ್ಟು, ಉಗ್ರಾಣದವರ ಕಡೆ ತಿರುಗಿದರು.

"ಅಟ್ಟದ ಮೇಲೆ ನೀನು ಇಟ್ಟದ್ದು ನಿಜವಾದ್ದೇ ಹೌದಾ?"

"ದೇವರಾಣೆ ಮಿಸ್. ಆವತ್ತು ಮುಚ್ಚಳ ಬಿಗಿ ಮಾಡಿ ಇಟ್ಟೆ, ಮತ್ತೆ ಮುಟ್ಟಿಲ್ಲ."

"ಬೀರುನಲ್ಲೂ ನೀರು. ಅಟ್ಟದಲ್ಲೂ ನೀರು. ಹಾಗಾದ್ರೆ ಒಂದು ಸೀಸೆ ವಿಷ ನಡೆದು ಎಲ್ಲಿಗೆ ಹೋಯ್ತು? ಅಟ್ಟದ ವಿಷಯ ಯಾರಿಗಾದ್ರೂ ಹೇಳಿದ್ಯಾ?"

ಉಗ್ರಾಣದವರು ಬಾಯಿ ತೆರೆದರು. ಅವರ ಕಣ್ಣು ಅತ್ತೆಯ ಹೆಗಲ ಮೇಲಿಂದ ಬಾಗಿಲ ಕಡೆಗೆ ಹೋಯಿತು; ಬಾಯಿ ಹಾಗೆಯೇ ಮುಚ್ಚಿತು.

ಬಾಗಿಲಲ್ಲಿ ನಿರ್ದೇಶಕರು ನಿಂತಿದ್ದರು. ಎಂದಿನಂತೆ ಮಡಿಕೆ ಕೆಡದ ಬಿಳಿ ಅಂಗಿ, ಎಂದಿನ ಮುಗುಳ್ನಗೆ. ಕೈಯಲ್ಲಿ ಒಂದು ಪುಟ್ಟ ಕಂದು ಸೀಸೆ.

"ಸಮಿತಿಯೋರು ಸೇರಿದ್ದಾರಮ್ಮ," ಎಂದರು ಅವರು, ಮೃದುವಾಗಿ. "ಜಾಡಿ ತಗೊಂಡು ಬಾ. ಮೊದಲು ನಿಯಮದ ಪ್ರಕಾರ ಇದನ್ನ ಮುಗಿಸಿಬಿಡೋಣ. ಮಾತು ಆಮೇಲೆ."

ಸಂಶೋಧಕಿ ಜಾಡಿಯನ್ನು ಎದೆಗವಚಿಕೊಂಡಳು.

ಪತ್ತೇದಾರರು ಸೀಸೆಯನ್ನು ನೋಡಲಿಲ್ಲ. ಸೀಸೆ ಹಿಡಿದ ಕೈಗಳನ್ನು ನೋಡಿದರು. ಎಲ್ಲರ ಎದುರು ವಿಷದ ಹನಿಯನ್ನು ಬೆರಳ ಮೇಲೆ ಬೀಳಿಸಿಕೊಂಡು ನಕ್ಕಿದ್ದ ಆ ಕೈಗಳ ಮೇಲೆ ಇಂದು ಮೊಣಕೈವರೆಗೂ ದಪ್ಪ ರಬ್ಬರಿನ ಕೈಗವಸುಗಳಿದ್ದವು.

"ಕೈ ಪಳಗಿದೋರು ನೀವು," ಎಂದರು ಅತ್ತೆ, ತಮ್ಮ ಅತ್ಯಂತ ಇಳಿದ ದನಿಯಲ್ಲಿ. "ಇವತ್ತು ಯಾಕಪ್ಪ ಗ್ಲೌಸು?"